ತುಟಿ ಸೋಕದ ಮದ್ದು

ಸುಪ್ರಜಾ ಬುದ್ಧಿವಂತೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಆ ಬುದ್ಧಿವಂತಿಕೆಯೇ ಮೂಲ. ದಡ್ಡಿಯಾಗಿದ್ದರೆ ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿಸುತ್ತಿದ್ದಳು, ಇಲ್ಲವೇ ಕೈಲಾಗದು ಎಂದು ಸುಮ್ಮನಾಗುತ್ತಿದ್ದಳು. ಎರಡರಲ್ಲಿ ಯಾವುದಾಗಿದ್ದರೂ ಸುಂದರಮ್ಮ ಇನ್ನೂ ಕೆಲವು ವರ್ಷ ಬದುಕಿರುತ್ತಿದ್ದರೇನೋ.

ಚಾಮರಾಜಪೇಟೆಯ ಐದನೇ ಮೇನ್ ರೋಡಿನ ಹಿಂದೆ ಅವರ ಮನೆ. ಮಾವ ಶೀನಣ್ಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಗಂಡ ಶ್ರೀಹರಿ ಬ್ಯಾಂಕಿನಲ್ಲಿ. ಸುಪ್ರಜಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅತ್ತೆ ಸುಂದರಮ್ಮನಿಗೆ ಮಡಿಯೆಂದರೆ ಪ್ರಾಣ. ಅವರ ಅಡಿಗೆಮನೆಯಲ್ಲಿ ಲೋಟವನ್ನು ಕಚ್ಚಿ ಕುಡಿದವರಿಲ್ಲ. ತಲೆ ಹಿಂದಕ್ಕೆ ಹಾಕಿ, ಲೋಟವನ್ನು ಮೇಲಕ್ಕೆತ್ತಿ, ಒಂದು ಹನಿ ಚೆಲ್ಲದೆ ಗಟಗಟನೆ ನೀರು ಕುಡಿಯುವುದು ಆ ಮನೆಯಲ್ಲಿ ಕೂಸುಗಳಿಗೆ ನಡಿಗೆ ಬಂದ ಕೂಡಲೇ ಕಲಿಸುವ ವಿದ್ಯೆ. ತುಟಿ ಸೋಕಿತೋ, ಎಂಜಲಾಯಿತು. ಎಂಜಲಾಯಿತೋ, ಆ ಲೋಟ ಬಚ್ಚಲಿಗೆ, ಮುಟ್ಟಿದ ಕೈ ನೀರಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಸುಪ್ರಜಾ ಕಾಫಿ ಲೋಟವನ್ನು ಕಚ್ಚಿ ಕುಡಿದು ಒಂದು ವಾರ ಮಾತು ಕೇಳಿದ್ದಳು.

ಈ ಸುಂದರಮ್ಮನಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಉಬ್ಬಸ ಗಂಟುಬಿತ್ತು. ಆಡುಸೋಗೆ ಕಷಾಯ ಆಯಿತು, ಮೆಣಸು ಜೇನುತುಪ್ಪ ಆಯಿತು, ಯಾರೋ ಹೇಳಿದ ಪುಡಿ ಆಯಿತು. ಮಾತ್ರೆ ನುಂಗಿದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಕಡೆಗೆ ತೊಂಬತ್ತೈದರ ಮಳೆಗಾಲದಲ್ಲಿ ಸುಪ್ರಜಾ ಹಟ ಹಿಡಿದು ಅವರನ್ನು ಬಸವನಗುಡಿಯ ಡಾಕ್ಟರ್ ಅನಿಲ್ ಕುಮಾರ್ ಹತ್ತಿರ ಕರೆದುಕೊಂಡು ಹೋದಳು. ಆತ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಎರಡು ಪಂಪುಗಳನ್ನು ಮೇಜಿನ ಮೇಲಿಟ್ಟರು. ಒಂದು ಕಂದು, ಒಂದು ನೀಲಿ.

"ಅಮ್ಮಾ, ಈ ಕಂದು ಬಣ್ಣದ್ದು ದಿನಾ ಬೆಳಿಗ್ಗೆ ಎರಡು ಸಲ, ಸಾಯಂಕಾಲ ಎರಡು ಸಲ. ಇದು ಶ್ವಾಸನಾಳದ ಒಳಗಿನ ಊತ ಇಳಿಸತ್ತೆ. ತಗೊಂಡ ತಕ್ಷಣ ಏನೂ ಗೊತ್ತಾಗಲ್ಲ, ಅಂತ ಬಿಟ್ಬಿಡಬೇಡಿ. ನಿಮ್ಮನ್ನ ಕಾಯೋದು ಇದೇ. ನೀಲಿದು ಉಬ್ಬಸ ಬಂದಾಗ ಮಾತ್ರ. ಅದು ತಗೊಂಡ್ರೆ ಸ್ವಲ್ಪ ಕೈ ನಡುಗಬಹುದು, ಎದೆ ಡವಡವ ಅನ್ಬಹುದು. ಹೆದರ್ಕೋಬೇಡಿ."

"ಸ್ಟೀರಾಯ್ಡಾ ಡಾಕ್ಟ್ರೆ?" ಎಂದಳು ಸುಪ್ರಜಾ.

"ಕಂದುದು ಹೌದು. ಆದ್ರೆ ಮಾತ್ರೆ ಥರ ಮೈಗೆಲ್ಲ ಹೋಗಲ್ಲ, ಎಲ್ಲಿಗೆ ಬೇಕೋ ಅಲ್ಲಿಗೇ ಹೋಗತ್ತೆ, ಅಳತೇನೂ ಕಮ್ಮಿ. ತಗೊಂಡ್ಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು. ಇಲ್ದಿದ್ರೆ ಬಾಯೊಳಗೆ ಬೆಳ್ಳಗೆ ಕಟ್ಟತ್ತೆ, ಸ್ವರ ಕೂರತ್ತೆ." ಆತ ಒಂದು ಖಾಲಿ ಪಂಪನ್ನು ತಮ್ಮ ಬಾಯಿಗೇ ಇಟ್ಟು ತೋರಿಸಿದರು. "ಹೀಗೆ ಕಚ್ಕೊಳ್ಳಿ. ತುಟಿ ಬಿಗಿಯಾಗಿ ಮುಚ್ಚಿ. ಒತ್ತುತ್ತಾ ಉಸಿರು ನಿಧಾನಕ್ಕೆ ಒಳಗೆ ಎಳೀರಿ. ಹತ್ತು ಎಣಿಸೋವರೆಗೂ ಹಿಡ್ಕೊಳ್ಳಿ."

ಸುಂದರಮ್ಮ ಡಾಕ್ಟರ ಬಾಯಲ್ಲಿದ್ದ ಪಂಪನ್ನು ನೋಡಿದರು. ಮನೆಗೆ ಬಂದವರೇ ಎರಡನ್ನೂ ಹೊರಗಿನ ಗೂಡಿನಲ್ಲಿಟ್ಟು ಕೈ ತೊಳೆದರು.

"ಬೀಡಿ ಸೇದೋರ ಹಾಗೆ ಬಾಯಲ್ಲಿ ಕಚ್ಕೊಂಡು ಎಳೆಯೋದಾ? ಬೆಳಿಗ್ಗೆ ಎಳೆದಿದ್ದನ್ನೇ ಸಾಯಂಕಾಲ ಮತ್ತೆ? ಅದೇ ಎಂಜಲನ್ನ? ನನ್ನ ಕೈಲಾಗಲ್ಲಮ್ಮ. ಉಸಿರು ಹೋದ್ರೆ ಹೋಗ್ಲಿ."

ಹದಿನೈದು ದಿನ ಪಂಪುಗಳು ಗೂಡಿನಲ್ಲೇ ಧೂಳು ತಿಂದವು. ಶೀನಣ್ಣ ಬೈದರು, ಶ್ರೀಹರಿ ಬೇಡಿಕೊಂಡ, ಪ್ರಯೋಜನವಾಗಲಿಲ್ಲ. ಒಂದು ಮಧ್ಯಾಹ್ನ ಸುಂದರಮ್ಮ ಕಿಟಕಿಯ ಸರಳು ಹಿಡಿದು, ಭುಜ ಎತ್ತಿ, ಉಸಿರಿಗಾಗಿ ಒದ್ದಾಡುತ್ತಿದ್ದಾಗ ಸುಪ್ರಜಾಳಿಗೆ ಹೊಳೆಯಿತು.

"ಅತ್ತೆ, ಕಚ್ಚಲೇಬೇಡಿ. ನೀರು ಎತ್ತಿ ಕುಡಿತೀರಲ್ಲ, ಹಾಗೇ ಇದನ್ನೂ ಎತ್ತಿ ಹೊಡ್ಕೊಳ್ಳಿ. ತುಟಿಗೆ ತಾಗೋದೇ ಇಲ್ಲ. ಎಂಜಲು ಎಲ್ಲಿಂದ ಬರತ್ತೆ?"

ಸುಂದರಮ್ಮ ಸೊಸೆಯ ಮುಖವನ್ನು ನೋಡಿದರು. ನೀಲಿ ಪಂಪಿಗೆ ನೀರು ಪ್ರೋಕ್ಷಿಸಿದರು. ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು, ಮೇಲಿನಿಂದ ಎರಡು ಸಲ ಒತ್ತಿಕೊಂಡರು. ಅರ್ಧ ಗಂಟೆಯಲ್ಲಿ ಉಬ್ಬಸ ಇಳಿಯಿತು. ತಾನಾಗಿಯೇ ಇಳಿಯುವ ಹೊತ್ತು ಬಂದಿತ್ತು, ಇಳಿಯಿತು, ಅಷ್ಟೆ. ಆದರೆ ಮನೆಯವರ ಪಾಲಿಗೆ ಅದು ಸುಪ್ರಜಾಳ ಗೆಲುವಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಶೀನಣ್ಣ ಬಂದವರ ಮುಂದೆಲ್ಲ ಹೇಳಿಕೊಂಡರು. ಸುಪ್ರಜಾಳಿಗೂ ಹೆಮ್ಮೆ. ಇಷ್ಟು ವರ್ಷದಲ್ಲಿ ಅತ್ತೆ ಅವಳನ್ನು ಬಾಯಿ ತುಂಬ ಹೊಗಳಿದ್ದು ಅದೇ ಮೊದಲು.

ಬಾಯಿ ಮುಕ್ಕಳಿಸುವ ಮಾತು ಹಾಗೇ ಬಿದ್ದುಹೋಯಿತು. ಎಂಜಲೇ ಆಗದ ಮೇಲೆ ಮುಕ್ಕಳಿಸುವುದು ಯಾಕೆ? ಡಾಕ್ಟರು ಮುಕ್ಕಳಿಸಿ ಎಂದದ್ದು ಕಚ್ಚಿಕೊಳ್ಳುವವರಿಗೆ, ತಮಗಲ್ಲ ಎಂದು ಸುಂದರಮ್ಮ ತೀರ್ಮಾನಿಸಿದರು. ತರ್ಕ ನೋಡಿ, ಎಲ್ಲೂ ಒಂದು ಬಿರುಕಿಲ್ಲ!

ಆ ವರ್ಷ ಚಳಿ ಅಷ್ಟಾಗಿ ಬೀಳಲಿಲ್ಲ, ಹೇಗೋ ಕಳೆಯಿತು. ಮುಂದಿನ ವರ್ಷದಿಂದ ಒಂದೊಂದೇ ಶುರುವಾಯಿತು. ನಾಲಿಗೆಯ ಮೇಲೆ, ಅಂಗುಳಲ್ಲಿ ಮೊಸರಿನ ಕೆನೆಯ ಹಾಗೆ ಬಿಳಿ ಮಚ್ಚೆಗಳೆದ್ದವು. ಖಾರ ತಾಗಿದರೆ ಕಣ್ಣಲ್ಲಿ ನೀರು. ಬೆಳಗಾತ ಎದ್ದು ದೇವರನಾಮ ಹೇಳಿಕೊಳ್ಳುತ್ತ ರಂಗೋಲಿ ಹಾಕುತ್ತಿದ್ದವರ ಸ್ವರ ಒಡೆದು ಕರಕರ ಎನ್ನತೊಡಗಿತು. ನೀಲಿ ಪಂಪು ವಾರಕ್ಕೊಮ್ಮೆ ಇದ್ದದ್ದು ದಿನಕ್ಕೆ ನಾಲ್ಕು ಸಲವಾಯಿತು, ಆಮೇಲೆ ಲೆಕ್ಕವೇ ಇಲ್ಲ. ಕೈ ಎಷ್ಟು ನಡುಗುತ್ತಿತ್ತೆಂದರೆ ದೇವರ ಮುಂದೆ ಉದ್ಧರಣೆಯಿಂದ ತೀರ್ಥ ಚೆಲ್ಲುತ್ತಿತ್ತು. ಡಾಕ್ಟರು ಎಚ್ಚರಿಸಿದ್ದ ಕೇಡುಗಳೆಲ್ಲ ಹೆಸರು ಹಿಡಿದು ಕರೆದ ಹಾಗೆ ಬಂದವು. ಗುಣವೊಂದು ಮಾತ್ರ ಬರಲಿಲ್ಲ.

"ಔಷಧಿ ಸರಿಯಾಗಿ ತಗೋತಿದಾರಾ?" ಎಂದು ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು.

"ಒಂದು ಹೊತ್ತೂ ತಪ್ಪಿಸಿಲ್ಲ ಡಾಕ್ಟ್ರೆ," ಎಂದು ಸುಪ್ರಜಾ ಪ್ರತಿ ಸಲವೂ ಹೇಳುತ್ತಿದ್ದಳು. ಅದು ನಿಜವೇ. ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಹೇಳಲು ಅವಳಿಗೆ ಸಂಕೋಚ. ಸೈನ್ಸ್ ಮೇಡಂ ಮನೆಯಲ್ಲಿ ಇಂಥ ಮಡಿಯೇ ಎಂದು ಆತ ನಕ್ಕರೆ? ಡಾಕ್ಟರು ಅಳತೆ ಹೆಚ್ಚಿಸಿದರು. ಬಾಯಿಗೆ ಹಚ್ಚಲು ಬೇರೆ ಔಷಧಿ ಕೊಟ್ಟರು. ತೊಂಬತ್ತೇಳರ ನವೆಂಬರಿನ ಒಂದು ಸೋಮವಾರ ಆತ ಪೆನ್ನು ಕೆಳಗಿಟ್ಟರು.

"ಇಷ್ಟು ಡೋಸಿಗೆ ಇವರು ಚೆನ್ನಾಗಿರಬೇಕಿತ್ತು. ನೀಲಿ ಪಂಪು ಹದಿನೈದು ದಿನಕ್ಕೆ ಒಂದು ಖಾಲಿ ಆಗ್ತಿದೆ ಅಂದ್ರೆ ನನಗೆ ಭಯ ಆಗತ್ತಮ್ಮ. ಅದು ಮೇಲ್ಮೇಲೆ ಸಮಾಧಾನ ಮಾಡತ್ತೆ ಅಷ್ಟೆ, ಒಳಗಡೆ ಕಾಯಿಲೆ ಬೆಳೀತಾನೇ ಇರತ್ತೆ. ಒಂದು ದಿನ ಅದಕ್ಕೂ ಬಗ್ಗಲ್ಲ. ನಾಳೆ ಪಂಪು ತಗೊಂಡು ಬನ್ನಿ. ಹೇಗೆ ಹೊಡ್ಕೋತಾರೆ, ನನ್ನೆದುರಿಗೇ ತೋರಿಸ್ಲಿ."

ಸುಪ್ರಜಾ ಅತ್ತೆಯ ಕಡೆ ನೋಡಿದಳು.

"ನಾಳೆ ಆಗಲ್ಲ," ಎಂದರು ಸುಂದರಮ್ಮ, ಆ ಒಡೆದ ಸ್ವರದಲ್ಲಿ. "ಗುರುವಾರ ನಮ್ಮತ್ತೆ ತಿಥಿ. ಅದು ಮುಗಿಸ್ಕೊಂಡು ಶುಕ್ರವಾರ ಬರ್ತೀನಿ."

ಮಂಗಳವಾರ ಎಂಟನೇ ತರಗತಿಗೆ ಸುಪ್ರಜಾ ಕಪ್ಪುಹಲಗೆಯ ಮೇಲೆ ಎರಡು ನಾಳಗಳನ್ನು ಬರೆದಳು. ಹಿಂದೆ ಅನ್ನನಾಳ, ಮುಂದೆ ಶ್ವಾಸನಾಳ. ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದ ಚಿತ್ರ. "ನಾವು ನುಂಗೋವಾಗ ಈ ಮುಚ್ಚಳ ಶ್ವಾಸನಾಳವನ್ನ ಮುಚ್ಚಿಕೊಳ್ಳತ್ತೆ. ಆ ಹೊತ್ತಿನಲ್ಲಿ ಉಸಿರಾಡೋಕಾಗಲ್ಲ" ಎಂದು ಹೇಳುತ್ತ ಹೇಳುತ್ತ ಅವಳ ಸೀಮೆಸುಣ್ಣ ನಿಂತಿತು. ನೀರು ಎತ್ತಿ ಕುಡಿಯುವಾಗ ಯಾರು ಉಸಿರೆಳೆಯುತ್ತಾರೆ? ಎಳೆದರೆ ನೆತ್ತಿಗೇರುವುದಿಲ್ಲವೇ? ಅಷ್ಟರಲ್ಲಿ ಬೆಲ್ ಹೊಡೆಯಿತು. ಶುಕ್ರವಾರ ಹೇಗೂ ಡಾಕ್ಟರು ನೋಡುತ್ತಾರಲ್ಲ ಎಂದು ಅವಳು ಕೈಯ ಸುಣ್ಣ ಕೊಡವಿದಳು. ಅವಳಿಗೆ ಆಗಲೇ ಗೊತ್ತಾಗಿತ್ತು ಎಂದೇ ನನ್ನ ಲೆಕ್ಕ. ಎರಡು ವರ್ಷದ ಹೊಗಳಿಕೆಯನ್ನು ಒಂದೇ ದಿನದಲ್ಲಿ ವಾಪಸ್ಸು ಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಬುಧವಾರ ಸುಪ್ರಜಾ ಹೊರಗಾದಳು. ಮೂರು ದಿನ ಅಡಿಗೆಮನೆಗೆ ಕಾಲಿಡುವಂತಿಲ್ಲ. ತಿಥಿಯ ಅಡಿಗೆಯೆಲ್ಲ ಸುಂದರಮ್ಮನ ತಲೆಗೆ ಬಿತ್ತು.

"ಅಡಿಗೆಯವರನ್ನ ಕರೆಸೋಣ ಅತ್ತೆ. ಈ ಚಳೀಲಿ ಒದ್ದೆ ಸೀರೆ ಉಟ್ಕೊಂಡು ಹೇಗೆ ಮಾಡ್ತೀರಿ?"

"ನಮ್ಮತ್ತೆಗೆ ನಾನೇ ಮಾಡಿ ಬಡಿಸ್ಬೇಕು. ಇಪ್ಪತ್ತಾರು ವರ್ಷದಿಂದ ತಪ್ಪಿಲ್ಲ. ಪಂಪು ಇದೆಯಲ್ಲ, ನೀನೇ ದಾರಿ ತೋರಿಸಿದೀಯ, ಬಿಡು."

ಗುರುವಾರ ಮುಂಜಾನೆ ಅವರು ತಣ್ಣೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಸೌದೆ ಒಲೆ ಹೊತ್ತಿಸಿದರು. ತಿಥಿಗೆ ಗ್ಯಾಸ್ ಒಲೆ ಆಗುವುದಿಲ್ಲ. ಸೌದೆ ಹಸಿ. ಹೊಗೆ ಅಡಿಗೆಮನೆಯ ಮಾಡಿಗೆ ಹತ್ತಿ ಅಲ್ಲೇ ತೂಗಿತು. ಹಿತ್ತಿಲಿನ ಕಟ್ಟೆಯ ಮೇಲೆ ದೂರ ಕುಳಿತಿದ್ದ ಸುಪ್ರಜಾಳಿಗೆ ತೆರೆದ ಬಾಗಿಲಿನಿಂದ ಅತ್ತೆ ಕಾಣುತ್ತಿದ್ದರು. ಮುಂದಿನ ಹಾಲಿನಲ್ಲಿ ಶೀನಣ್ಣನೂ ಪುರೋಹಿತರೂ ಮಂತ್ರ ಹೇಳುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಸುಂದರಮ್ಮನ ಎದೆಯ ಸಿಳ್ಳು ಹಿತ್ತಿಲಿಗೂ ಕೇಳಿಸತೊಡಗಿತು.

"ಅತ್ತೆ, ಸಾಕು, ಕೂತ್ಕೊಳ್ಳಿ!"

ಸುಂದರಮ್ಮ ಇರು ಎಂದು ಕೈ ಮಾಡಿ ತೋರಿಸಿದರು. ಎಣ್ಣೆಯಲ್ಲಿ ವಡೆ ಬೇಯುತ್ತಿತ್ತು. ಬೆಳಿಗ್ಗೆಯೇ ಅಡಿಗೆಮನೆಯ ಗೂಡಿಗೆ ತಂದಿಟ್ಟುಕೊಂಡಿದ್ದ ನೀಲಿ ಪಂಪು ತೆಗೆದು, ನೀರು ಚಿಮುಕಿಸಿ, ತಲೆ ಹಿಂದಕ್ಕೆ ಹಾಕಿದರು. ಆ ಮೊದಲ ಸಲ ಬಿಟ್ಟರೆ ಇಷ್ಟು ದಿನ ಅವರು ಪಂಪು ತೆಗೆದುಕೊಳ್ಳುತ್ತಿದ್ದದ್ದು ಕತ್ತಲೆಯ ಬಚ್ಚಲಮನೆಯಲ್ಲಿ. ಈಗ ಮಾಡಿನ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ನೇರ ಅವರ ಮುಖದ ಮೇಲೆ ಬಿದ್ದಿತ್ತು. ಸುಪ್ರಜಾ ಕಣ್ಣಾರೆ ನೋಡಿದಳು. ಪಂಪು ಒತ್ತಿದ ಕೂಡಲೇ ಅತ್ತೆಯ ಗಂಟಲು ನೀರು ನುಂಗಿದ ಹಾಗೆ ಮೇಲೆ ಕೆಳಗೆ ಆಡಿತು. ಬಾಯೊಳಗೆ ಬಿದ್ದ ಬಿಳಿ ಹೊಗೆ ಒಳಗೆ ಹೋಗಲಿಲ್ಲ. ತಿರುಗಿ ತುಟಿಯಾಚೆ ಬಂದು, ಬಿಸಿಲಿನಲ್ಲಿ ಸುಳಿದು, ಸೌದೆಯ ಹೊಗೆಯಲ್ಲಿ ಬೆರೆತುಹೋಯಿತು. ಮತ್ತೊಮ್ಮೆ ಒತ್ತಿದರು. ಮತ್ತೆ ನುಂಗಿದರು. ಮತ್ತೆ ಹೊಗೆ ಹೊರಗೆ.

ಎರಡು ವರ್ಷ, ದಿನ ತಪ್ಪದೆ, ಹೀಗೇ.

"ಅತ್ತೆ, ಬಾಯಿಗಿಟ್ಕೊಳ್ಳಿ! ಕಚ್ಕೊಳ್ಳಿ! ತುಟಿ ಮುಚ್ಚಿ ಎಳ್ಕೊಳ್ಳಿ ಅತ್ತೆ!"

ಸುಂದರಮ್ಮ ಅವಳನ್ನು ಬೆರಗಿನಿಂದ ನೋಡಿದರು. ಪಿತೃಗಳಿಗೆ ಬಡಿಸುವ ಅಡಿಗೆ ಒಲೆಯ ಮೇಲಿದೆ, ಉಪ್ಪು ನೋಡಲೂ ನಾಲಿಗೆಗೆ ಹಾಕದ ಅಡಿಗೆ. ಇವಳು ಎಂಜಲು ಮಾಡಿಕೋ ಎನ್ನುತ್ತಾಳಲ್ಲ! ಇಲ್ಲವೆಂದು ತಲೆಯಾಡಿಸಿದರು. ಮಾತು ಹೊರಡಲಿಲ್ಲ. ಮತ್ತೆ ಎತ್ತಿ ಹೊಡೆದುಕೊಂಡರು, ಐದು, ಆರು, ಏಳು ಸಲ. ತುಟಿ ನೀಲಿಯಾಗುತ್ತಿತ್ತು.

ಹಿತ್ತಿಲ ಬಾಗಿಲಿನಿಂದ ಒಲೆಗೆ ನಾಲ್ಕು ಹೆಜ್ಜೆ. ಸುಪ್ರಜಾ ಹೊಸ್ತಿಲವರೆಗೆ ಹೋಗಿ ನಿಂತಳು. ಹೊರಗಾದವಳು ಒಳಗೆ ಹೋದರೆ ತಿಥಿ ಕೆಟ್ಟಿತು. ವರ್ಷಕ್ಕೊಮ್ಮೆ ಬರುವ ದಿನ, ಮಾವ, ಪುರೋಹಿತರು, ಬ್ರಾಹ್ಮಣಾರ್ಥಕ್ಕೆ ಬಂದು ಕುಳಿತವರು. ಅವಳು ಒಳಗೆ ಹೋಗಲಿಲ್ಲ. ಮನೆಯ ಪಕ್ಕದ ಸಂದಿಯಲ್ಲಿ ಓಡಿ, ಮುಂಬಾಗಿಲಿಗೆ ಸುತ್ತಿ ಬಂದು, "ರೀ! ರೀ!" ಎಂದು ಶ್ರೀಹರಿಯನ್ನು ಕೂಗಿದಳು. ಮಂತ್ರದ ಗದ್ದಲದಲ್ಲಿ ಅವನಿಗೆ ಕೇಳಿಸಲು ಒಂದಿಷ್ಟು ಹೊತ್ತಾಯಿತು. ಅವನು ಒಳಗೆ ನುಗ್ಗಿದಾಗ ಸುಂದರಮ್ಮ ಒಲೆಯ ಪಕ್ಕ ಗೋಡೆಗೊರಗಿ ಬಿದ್ದಿದ್ದರು. ಎಣ್ಣೆಯಲ್ಲಿ ವಡೆ ಕರಕಲಾಗಿತ್ತು. ಆಗ ಸುಪ್ರಜಾ ಒಳಗೆ ಬಂದಳು. ಪಂಪನ್ನು ಅತ್ತೆಯ ಹಲ್ಲಿನ ನಡುವೆ ಇಟ್ಟು, ಎರಡೂ ಕೈಯಿಂದ ತುಟಿ ಒತ್ತಿಹಿಡಿದಳು. "ಎಳೀರಿ ಅತ್ತೆ, ಎಳೀರಿ." ಎಳೆಯಲು ಅವರಲ್ಲಿ ಉಸಿರೇ ಉಳಿದಿರಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಹತ್ತು ನಿಮಿಷ. ಅಲ್ಲಿಯ ಡಾಕ್ಟರು ಮುಕ್ಕಾಲು ಗಂಟೆ ಹೆಣಗಿದರು. ಆಮೇಲೆ ಹೊರಗೆ ಬಂದು ಶೀನಣ್ಣನನ್ನು ಕೇಳಿದರು:

"ಮನೇಲಿ ಪಂಪು ತಗೊಂಡಿದ್ರಾ?"

"ಏಳೆಂಟು ಸಲ ತಗೊಂಡ್ಲಂತೆ ಸ್ವಾಮಿ. ಎರಡು ವರ್ಷದಿಂದ ಒಂದು ಹೊತ್ತೂ ಬಿಟ್ಟೋಳಲ್ಲ."

"ಅಷ್ಟು ತಗೊಂಡೂ ಹೀಗಾಗಿದೆ ಅಂದ್ರೆ ತುಂಬಾ ಜೋರಾಗೇ ಬಂದಿರಬೇಕು," ಎಂದು ಆತ ತಲೆ ತಗ್ಗಿಸಿದರು.

ಸುಪ್ರಜಾ ಅಲ್ಲೇ ಪಕ್ಕದಲ್ಲಿ ನಿಂತಿದ್ದಳು.

ಆಮೇಲಿನ ಹನ್ನೆರಡು ದಿನ ಆ ಮನೆಯಲ್ಲಿ ಎರಡೇ ಮಾತು. ಮುತ್ತೈದೆ ಸಾವು, ಅದೂ ಮಡಿಯಲ್ಲಿ, ಅತ್ತೆಯ ತಿಥಿಯ ದಿನ, ಎಂಥ ಪುಣ್ಯ ಎಂಬುದು ಒಂದು. ಆ ಪಂಪೇ ಅವಳನ್ನು ತಿಂದಿತು ಎಂಬುದು ಇನ್ನೊಂದು. ಈ ಎರಡನೆಯದನ್ನು ಶೀನಣ್ಣನೇ ಹೇಳುತ್ತಿದ್ದರು. "ಕೈ ನಡುಗ್ತಿತ್ತು, ಸ್ವರ ಹೋಯ್ತು, ಬಾಯೆಲ್ಲ ಹುಣ್ಣಾಯ್ತು. ನಾನೇ ನಿಲ್ಲಿಸ್ಬೇಕಿತ್ತು. ಸ್ಟೀರಾಯ್ಡು ಅಂದಾಗ್ಲೇ ನಿಲ್ಲಿಸ್ಬೇಕಿತ್ತು." ಎರಡು ಪಂಪುಗಳನ್ನೂ ಅವರೇ ಮೋರಿಗೆ ಎಸೆದು ಬಂದರು. ಬಂದವರು ಕೇಳಿಕೊಂಡು ಹೋದರು, ತಮ್ಮ ತಮ್ಮ ಮನೆಯ ಉಬ್ಬಸದವರಿಗೆ ಹೇಳಿದರು. ಸುಪ್ರಜಾ ನೀರು ಕೊಟ್ಟಳು, ಚಾಪೆ ಹಾಸಿದಳು. ಹೇಳಿಬಿಡಬೇಕು ಎಂದು ದಿನವೂ ಅಂದುಕೊಂಡಳು. ಗಂಡನ ಮುಖ ನೋಡಿದರೆ ನಾಲಿಗೆ ಏಳುತ್ತಿರಲಿಲ್ಲ. ಹೇಳಿದರೆ ಸತ್ತವರು ಎದ್ದು ಬರುತ್ತಾರೆಯೇ ಎಂಬುದು ಅವಳು ತನಗೆ ಹೇಳಿಕೊಂಡ ಸಮಾಧಾನ. ಹೇಡಿಗಳಿಗೆಲ್ಲ ಒದಗುವ ಸಮಾಧಾನ ಅದು.

ಹದಿಮೂರನೇ ದಿನ ವೈಕುಂಠ ಸಮಾರಾಧನೆ. ಹೋಮದ ಹೊಗೆ ಹಾಲಿನಲ್ಲಿ ತುಂಬಿತ್ತು. ಗವಿಪುರದಿಂದ ಗಂಗರತ್ನಮ್ಮ ಬಂದಿದ್ದರು. ಸುಂದರಮ್ಮನ ಜೊತೆ ದೇವರನಾಮದ ಕ್ಲಾಸಿಗೆ ಹೋಗುತ್ತಿದ್ದ ಹೆಂಗಸು, ಅರವತ್ತರ ಆಸುಪಾಸು. ಹೊಗೆ ತಾಗಿ ಅವರಿಗೆ ಕೆಮ್ಮು ಹತ್ತಿತು. ಎದೆ ಸಿಳ್ಳು ಹಾಕತೊಡಗಿತು. ಮೂಲೆಯ ಕಂಬಕ್ಕೊರಗಿ ಕುಳಿತು, ಕೈಚೀಲದಿಂದ ಒಂದು ನೀಲಿ ಪಂಪು ತೆಗೆದರು.

"ಅಯ್ಯೋ, ಅದು ಬೇಡ ಕಣ್ರೀ, ಸುಂದರಮ್ಮನಿಗೆ ಆಗಿದ್ದು ನೋಡಿಲ್ವಾ?" ಎಂದಳು ಪಕ್ಕದವಳು.

"ಏನ್ ಮಾಡ್ಲಿ, ಬೇರೆ ಗತಿ ಇಲ್ಲ. ಸುಂದರಮ್ಮನೇ ನನಗೆ ಕಲಿಸಿದ್ದು," ಎಂದು ಗಂಗರತ್ನಮ್ಮ ಏದುಸಿರಿನಲ್ಲೇ ಸುಪ್ರಜಾಳ ಕಡೆ ನೋಡಿ ನಕ್ಕರು. "ಈ ಹುಡುಗಿ ಕಂಡುಹಿಡಿದ ಉಪಾಯ. ಒಂದು ವರ್ಷದಿಂದ ಹೀಗೇ ತಗೋತಿದೀನಿ, ಮಡಿಗೆ ಚ್ಯುತಿ ಇಲ್ಲ. ಕ್ಲಾಸಿನಲ್ಲಿ ಇನ್ನೂ ಇಬ್ಬರಿಗೆ ಹೇಳ್ಕೊಟ್ಟಿದಾಳೆ, ಪುಣ್ಯಾತ್ಗಿತ್ತಿ."

ಅವರು ತಲೆ ಹಿಂದಕ್ಕೆ ಹಾಕಿದರು. ಬಾಯಿ ತೆರೆದು ಪಂಪನ್ನು ಮೇಲಕ್ಕೆತ್ತಿದರು.

ಸುಪ್ರಜಾ ಅವರ ಮಣಿಕಟ್ಟು ಹಿಡಿದುಕೊಂಡಳು. ಹಿಡಿದದ್ದು ಯಾವಾಗ, ಹಾಲಿನ ಆ ತುದಿಯಿಂದ ಬಂದದ್ದು ಹೇಗೆ, ಅವಳಿಗೇ ಗೊತ್ತಿಲ್ಲ.

"ಹಾಗಲ್ಲ ಗಂಗರತ್ನಮ್ಮನೋರೆ. ಬಾಯಲ್ಲಿ ಕಚ್ಕೊಳ್ಳಿ."

"ಎಂಜಲು..."

"ಆಗ್ಲಿ. ಕಚ್ಕೊಳ್ಳಿ. ತುಟಿ ಮುಚ್ಚಿ. ನಾನು ಒತ್ತಿದಾಗ ಉಸಿರು ಒಳಗೆಳೀಬೇಕು, ನುಂಗಬಾರ್ದು. ಹ್ಞಾಂ, ಎಳೀರಿ. ಹಿಡ್ಕೊಳ್ಳಿ. ಬಿಡಿ. ಇನ್ನೊಂದ್ಸಲ."

ಸುತ್ತಲಿನ ಹೆಂಗಸರು ಹತ್ತಿರ ಸರಿದರು. ಐದು ನಿಮಿಷ ಕಳೆದಿರಬಹುದು. ಗಂಗರತ್ನಮ್ಮನ ಭುಜ ಕೆಳಗಿಳಿಯಿತು. ಎದೆಯ ಸಿಳ್ಳು ತೆಳುವಾಗುತ್ತ ತೆಳುವಾಗುತ್ತ ನಿಂತೇಹೋಯಿತು. ಅವರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನೋಡಿಕೊಂಡರು.

"ಇದೇನಮ್ಮಾ ಇದು! ಒಂದು ವರ್ಷದಲ್ಲಿ ಒಂದ್ಸಲಾನೂ ಹೀಗೆ ಒಳಗೆ ಇಳಿದಿದ್ದಿಲ್ವಲ್ಲ! ಹಾಗಾದ್ರೆ ಇಷ್ಟು ದಿನ ಇದು ಎಲ್ಲಿಗೆ ಹೋಗ್ತಿತ್ತು?"

"ಬಾಯಿಗೆ, ಹೊಟ್ಟೆಗೆ. ಎದೆಗೆ ಹೋಗ್ತಿರ್ಲಿಲ್ಲ," ಎಂದಳು ಸುಪ್ರಜಾ. ತಲೆಯೆತ್ತಿದಾಗ ಎದುರಿಗೆ ಶೀನಣ್ಣ ನಿಂತಿದ್ದರು, ಕೈಯಲ್ಲಿ ದಕ್ಷಿಣೆಯ ತಟ್ಟೆ. ಅವರ ಹಿಂದೆ ಶ್ರೀಹರಿ.

"ಅವಳೂ ಹಾಗೇ ಎತ್ತಿ ಹೊಡ್ಕೋತಿದ್ಲಲ್ಲ?" ಎಂದರು ಶೀನಣ್ಣ.

"ನಾನು ಹೇಳ್ಕೊಟ್ಟ ಥರ, ಮಾವ."

"ನಿನಗೆ ಯಾವತ್ತು ಗೊತ್ತಾಯ್ತು?"

"ತಿಥಿ ದಿವಸ ಕಣ್ಣಾರೆ ನೋಡಿದೆ." ಅದೂ ಪೂರ್ತಿ ನಿಜವಲ್ಲ ಎನ್ನಿಸಿ, "ಅದಕ್ಕೆ ಎರಡು ದಿನ ಮುಂಚೆ ಅನುಮಾನ ಬಂದಿತ್ತು" ಎಂದಳು.

ಶೀನಣ್ಣ ತಟ್ಟೆಯನ್ನು ಕೆಳಗಿಟ್ಟರು. ಹನ್ನೆರಡು ದಿನದಿಂದ ತಾವು ಶಪಿಸಿದ ಔಷಧಿಯನ್ನು, ಗಂಗರತ್ನಮ್ಮನ ಕೈಯಲ್ಲಿದ್ದ ಆ ನೀಲಿ ಪಂಪನ್ನು ನೋಡಿದರು.

"ಹಾಗಾದ್ರೆ ಅವಳಿಗೆ ಔಷಧಿ ಒಂದು ದಿನಾನೂ ಸಿಕ್ಕಿರ್ಲಿಲ್ಲ."

"ಇಲ್ಲ, ಮಾವ."

ಶ್ರೀಹರಿ ಅವಳ ಮುಖವನ್ನು ನೋಡದೆ ಹೊರಗೆ ಹೋದ. ಶೀನಣ್ಣ ಅಲ್ಲೇ ನೆಲದ ಮೇಲೆ ಕುಳಿತರು. ಎಲೆ ಹಾಕುವವರು ಎಲೆಯ ಕಟ್ಟು ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಅಷ್ಟು ಜನರಿದ್ದ ಆ ಹಾಲಿನಲ್ಲಿ ಗಂಗರತ್ನಮ್ಮನ ಉಸಿರಾಟ ಸಲೀಸಾಗಿ, ಹಗುರಾಗಿ, ಎಲ್ಲರಿಗೂ ಕೇಳಿಸುತ್ತಿತ್ತು.